ಮಂಚದ ಕೆಳಗಿನವರು

ವಾರ್ಡಿಗೆ ಕಾಲಿಟ್ಟ ಯಾರೇ ಆಗಲಿ ಮೊದಲು ನೋಡುವುದು ಮಂಚದ ಮೇಲೆ. ಸಿಸ್ಟ್ರಮ್ಮ ಮಾತ್ರ ಮೊದಲು ನೋಡುತ್ತಿದ್ದದ್ದು ಮಂಚದ ಕೆಳಗೆ. ಒಂದು ಕೈಯನ್ನು ಕಬ್ಬಿಣದ ಚೌಕಟ್ಟಿಗೆ ಆನಿಸಿ, ಇನ್ನೊಂದು ಕೈಯಲ್ಲಿ ಬಿಳಿ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಬಾಗುತ್ತಿದ್ದರು. ಅಲ್ಲಿ ಸುರುಳಿ ಸುತ್ತಿದ ಚಾಪೆ, ಚೊಂಬು, ಬುತ್ತಿಯ ಡಬ್ಬಿ, ಕೆಲವೊಮ್ಮೆ ಮುದುರಿ ಮಲಗಿದ ಒಂದು ಹೆಣ್ಣುಜೀವ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಿದ ಮೇಲೆಯೇ ಸೊಂಟ ನೆಟ್ಟಗೆ ಮಾಡಿಕೊಂಡು ರೋಗಿಯ ನಾಡಿ ಹಿಡಿಯುತ್ತಿದ್ದರು.

ಇದರಿಂದ ರೋಗಿಗಳಿಗೆ ಸಣ್ಣ ಅಸಮಾಧಾನವೂ ಇತ್ತು. ಒಮ್ಮೆ ನನ್ನೆದುರಿಗೇ ಒಬ್ಬ ಮುದುಕ ಗೊಣಗಿದ:

“ಸಿಸ್ಟ್ರಮ್ಮ, ಕಾಯ್ಲೆ ಬಂದಿರೋದು ನನಗೆ ಕಣ್ರೀ. ನನ್ನ ಹೆಂಡ್ರಿಗಲ್ಲ.”

“ನಿಂದು ಗೊತ್ತೈತೆ ತಾತ. ನಿನ್ನ ತಲೆ ಮ್ಯಾಲೆ ಬೋರ್ಡ್ ತೂಗಾಕಿದೀವಿ. ಕೆಳಗಿರೋಳಿಗೆ ಬೋರ್ಡ್ ಇಲ್ವಲ್ಲ, ಬಗ್ಗಿ ನೋಡ್ಬೇಕು.”

“ಹಂಗಾರೆ ಅವಳನ್ನೇ ಮ್ಯಾಲೆ ಮಲಗಿಸ್ರಿ, ನಾನೇ ಕೆಳಗಿಳೀತೀನಿ.”

“ಇಳಿದ್ರೆ ನಿನ್ನನ್ನ ಎತ್ತಿ ಮಲಗಿಸೋಳೂ ಅವಳೇ. ಸುಮ್ನಿರು.”

ವಾರ್ಡು ನಕ್ಕಿತು. ಮುದುಕನ ಹೆಂಡತಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಆ ಸಿಸ್ಟ್ರಮ್ಮ ಈಗಿಲ್ಲ. ಅವರು ಹೋದ ಮೇಲೆ ಒಂದು ಮಳೆಗಾಲ ಕಳೆದಿದೆ. ಇಷ್ಟು ಕಾಲ ಬರೆಯಲಾಗದೆ ಇದ್ದೆ. ಈಗಲೂ ಅವರ ಹೆಸರನ್ನು ಬರೆಯುತ್ತಿಲ್ಲ. ಅವರ ಕುಟುಂಬ ಪಿಂಚಣಿಯ ಕಡತ ಇನ್ನೂ ಯಾವುದೋ ಮೇಜಿನ ಮೇಲೆ ಕುಳಿತಿದೆ, ಆ ಮೇಜಿನವರಿಗೆ ಸಿಟ್ಟು ಬರಬಾರದು. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ಓಡಾಡುವ ಬಸ್ಸುಗಳು ನಿಲ್ಲುವ ಒಂದು ಸರ್ಕಾರಿ ಆಸ್ಪತ್ರೆ ಎಂದರೆ ಸಾಕು. ಹೆಸರು ಹೇಳಿದರೆ ತಪ್ಪು ಆ ಒಂದು ಕಟ್ಟಡದ್ದಾಗಿ, ಉಳಿದ ಕಟ್ಟಡಗಳು ತಮ್ಮ ಪಾಡಿಗೆ ತಾವು ನಿದ್ದೆ ಹೋಗುತ್ತವೆ.

ಅವರು ಕುದಾಪುರದ ಕಡೆಯ ಕುರಿಗಾಹಿ ಮನೆತನದಲ್ಲಿ ಹುಟ್ಟಿದವರು. ಅವರ ಅಪ್ಪ ಕುರಿ ಮೇಯಿಸಿದ ಕಾವಲಿನ ಹುಲ್ಲಿಗೆ ಈಗ ಬೇಲಿ ಬಿದ್ದಿದೆ. ಒಳಗೆ ಆಕಾಶಕ್ಕೆ ಸಂಬಂಧಿಸಿದ ವಿಜ್ಞಾನ ನಡೆಯುತ್ತದೆ. “ಅಲ್ಲಿ ಚಂದ್ರನ ಸುದ್ದಿ ಸಿಗುತ್ತಂತೆ, ನಮ್ಮ ವಾರ್ಡಿನ ಕಂಪ್ಯೂಟರ್ರು ಪಕ್ಕದ ರೂಮಿನ ಸುದ್ದಿ ತರೋಕೆ ಅರ್ಧ ಗಂಟೆ ಗಿರಕಿ ಹೊಡೀತೈತೆ” ಎನ್ನುತ್ತಿದ್ದರು. ಅವರ ಗಂಡ ಸಾರಿಗೆ ಬಸ್ಸಿನ ಕಂಡಕ್ಟರ್, ಮಹಾ ಮಾತುಗಾರ. ಮಕ್ಕಳಿರಲಿಲ್ಲ. ಊರಿನವರಿಗೆ ಅವರು ಸಿಸ್ಟ್ರಮ್ಮ, ಸರ್ಕಾರದ ಬೋರ್ಡಿನಲ್ಲಿ ಹಿರಿಯ ಶುಶ್ರೂಷಾಧಿಕಾರಿ. ಮಹಿಳೆಯರ ಆರೋಗ್ಯದ ಹಕ್ಕಿಗಾಗಿ ದುಡಿಯುವ ನಮ್ಮ ಸಣ್ಣ ಗುಂಪಿನ ಪರವಾಗಿ ನಾನು ಆ ಆಸ್ಪತ್ರೆಗೆ ಹೋಗಿಬರಲು ತೊಡಗಿದಾಗ ಪರಿಚಯವಾದವರು.

ಅವರು ಹೀಗೆ ಬಾಗಲು ಕಲಿತದ್ದು ಒಂದು ಸಾವಿನಿಂದ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ.

ರಾಂಪುರದ ಆಚೆಯ ಹಳ್ಳಿಯವನೊಬ್ಬ ಹುಣಸೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ವಾರಗಟ್ಟಲೆ ಮಲಗಿದ್ದವನನ್ನು ಹೆಂಡತಿ ನೋಡಿಕೊಂಡಳು. ಒರೆಸಿದವಳು ಅವಳು, ಮಲಪಾತ್ರೆ ಹಿಡಿದವಳು ಅವಳು, ಹೊರಗಿನ ನಲ್ಲಿಯಿಂದ ನೀರು ಹೊತ್ತವಳು ಅವಳು, ರಾತ್ರಿ ಅವನ ಮಂಚದ ಕೆಳಗೆ ಕಂಬಳಿ ಹೊದ್ದು ಮುದುರಿದವಳು ಅವಳು. ಇದಾವುದೂ ಅವಳ ಕೆಲಸವಲ್ಲ. ವಾರ್ಡಿಗೆ ಆಯಾಗಳನ್ನು ನೇಮಿಸಬೇಕಾದದ್ದು ಸರ್ಕಾರ. ನೇಮಿಸದ ಸರ್ಕಾರ ‘ರೋಗಿಯ ಜೊತೆ ಒಬ್ಬರು ಇರತಕ್ಕದ್ದು’ ಎಂಬ ಫಲಕವನ್ನು ಬರೆಸಿ ಬಾಗಿಲಿಗೆ ತೂಗುಹಾಕಿ ಕೈತೊಳೆದುಕೊಂಡಿತ್ತು. ಒಂದು ಬೆಳಿಗ್ಗೆ ಕಸ ಗುಡಿಸುವಾಕೆ ಕಂಬಳಿಯ ಸುತ್ತ ಒದ್ದೆ ಬಟ್ಟೆ ಎಳೆದುಕೊಂಡು ಮುಂದೆ ಹೋದಳು. ಸಿಸ್ಟ್ರಮ್ಮ ಬಂದರು. ಮೇಲಿನಿಂದ ಗಂಡ ಕೂಗಿದ: “ಏಳೇ, ಸಿಸ್ಟ್ರು ಬಂದವ್ರೆ.” ಇನ್ನೊಂದು ಸಲ ಕೂಗಿದ. ಆಮೇಲೆ ಬೈದ. ಕಂಬಳಿ ಅಲುಗಲಿಲ್ಲ.

“ಅವನು ನೆಟ್ಟಗೆ ನಡಕೊಂಡು ಮನೆಗೆ ಹೋದ” ಎಂದರು ಸಿಸ್ಟ್ರಮ್ಮ. “ಗುಣವಾಗಿದಾನೆ ಅಂತ ಬರೆದು ಕಳಿಸಿದ್ವಿ. ಅವಳ ಬಗ್ಗೆ ಬರೆಯೋಕೆ ಜಾಗವೇ ಇರಲಿಲ್ಲ ಕಣಮ್ಮ. ಜ್ವರ ಇತ್ತೋ, ರಕ್ತ ಇರಲಿಲ್ವೋ, ಎಷ್ಟು ದಿನದಿಂದ ಉಂಡಿರಲಿಲ್ವೋ. ನಾನೇ ದಿನಾ ಅವಳನ್ನ ದಾಟಿಕೊಂಡು ಅವನಿಗೆ ಇಂಜೆಕ್ಷನ್ ಕೊಟ್ಟಿದೀನಿ.”

ಇದಾಗಿ ಎಷ್ಟೋ ಕಾಲದ ಮೇಲೆ ಆ ಆಸ್ಪತ್ರೆಗೂ ಕಾಗದ ಹೋಗಿ ಕಂಪ್ಯೂಟರ್ ಬಂತು. ಇನ್ನು ಮುಂದೆ ಶುಶ್ರೂಷಕಿಯರು ಕಂಡದ್ದನ್ನು, ಮಾಡಿದ್ದನ್ನು, ಅದರಿಂದ ಆದದ್ದನ್ನು ತಮಗೆ ತೋಚಿದ ಮಾತಿನಲ್ಲಿ ಬರೆಯುವಂತಿಲ್ಲ, ಒಂದು ಸಿದ್ಧ ಪಟ್ಟಿಯ ಪದಗಳಲ್ಲಿಯೇ ಗುರುತಿಸಬೇಕು ಎಂದು ಆದೇಶವಾಯಿತು. ಕಲಿಸಲು ಒಬ್ಬ ತರುಣ ಪ್ರೊಜೆಕ್ಟರ್ ಹೊತ್ತು ಬಂದ. ಯಂತ್ರ ಬಂದರೆ ಮಮತೆ ಹೋಗುತ್ತದೆ ಎಂಬ ಸಿದ್ಧ ವಾದವನ್ನು ನಾನೂ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿ ಕುಳಿತಿದ್ದೆ. ಸಿಸ್ಟ್ರಮ್ಮ ನನ್ನನ್ನು ಗದರಿಸಿದರು.

“ಹೋದ ತಿಂಗಳು ಒಬ್ಬನ ಬೆನ್ನು ನೋಡಿ ಒಬ್ಬಳು ‘ಕೆಂಪಗಿದೆ’ ಅಂತ ಬರೆದ್ಲು. ಸಂಜೆಯೋಳು ‘ಚರ್ಮ ಪರವಾಗಿಲ್ಲ’ ಅಂದ್ಲು. ರಾತ್ರಿಯೋಳು ಏನೂ ಬರೀಲಿಲ್ಲ. ಬೆಳಿಗ್ಗೆ ಹುಣ್ಣು ಒಡೀತು. ಒಂದೇ ಊರಿಗೆ ಮೂರು ಬೋರ್ಡ್ ಹಾಕಿದ್ರೆ ಬಸ್ಸು ಎಲ್ಲಿ ನಿಲ್ಲಿಸ್ತಾರೆ ನಮ್ಮ ಯಜಮಾನ್ರು? ಎಲ್ಲರೂ ಒಂದೇ ಹೆಸರು ಕೂಗ್ಬೇಕು. ಆಗ ಮಗ್ಗುಲು ಬದಲಾಯಿಸೋದು ಯಾರೂ ಮರೆಯಲ್ಲ.”

ನನಗೆ ಆ ಹೊತ್ತಿಗೆ ಅರ್ಥವಾಯಿತು. ವೈದ್ಯರ ಮಾತಿಗೆ ಎಂದಿನಿಂದಲೂ ಹೆಸರಿತ್ತು, ಸ್ಥಾನವಿತ್ತು. ಶುಶ್ರೂಷಕಿಯ ತಿಳಿವಳಿಕೆ ಮಾತ್ರ ಅಂಚಿನ ಟಿಪ್ಪಣಿಯಾಗಿ ಉಳಿದಿತ್ತು. ನೋವು, ಬೀಳುವ ಅಪಾಯ, ಚರ್ಮ ಒಡೆಯುವ ಅಪಾಯ, ಕೆಟ್ಟ ನಿದ್ದೆ: ಇವುಗಳಿಗೆ ಎಲ್ಲ ಊರಿನಲ್ಲಿಯೂ ಒಂದೇ ಹೆಸರು ಸಿಕ್ಕುವುದೆಂದರೆ ಆ ತಿಳಿವಳಿಕೆಗೆ ಮೊದಲ ಸಲ ಕುರ್ಚಿ ಸಿಕ್ಕಂತೆ. ಹೆಣ್ಣುಮಕ್ಕಳ ದುಡಿಮೆಯನ್ನು ಹೆಸರಿಲ್ಲದೆ ಇಟ್ಟಿರುವುದೇ ಅದನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವ ಉಪಾಯವೆಂಬುದನ್ನು ನಾವು ಸಭೆಗಳಲ್ಲಿ ಹೇಳುತ್ತ ಬಂದಿದ್ದೆವು. ಅವರು ಅದನ್ನು ಒಬ್ಬನ ಬೆನ್ನಿನ ಹುಣ್ಣಿನಲ್ಲಿ ಕಂಡಿದ್ದರು.

ಆ ತರುಣ ಪರದೆಯ ಮೇಲೆ ಪಟ್ಟಿಯನ್ನು ಸರಸರನೆ ಉರುಳಿಸುತ್ತಿದ್ದ. ಸಿಸ್ಟ್ರಮ್ಮ ಥಟ್ಟನೆ ಎದ್ದು ನಿಂತರು.

“ನಿಲ್ಲಿಸಪ್ಪಾ. ಮ್ಯಾಲೆ ಹೋಗು. ಇನ್ನೊಂದು ಚೂರು. ಹಾಂ, ಅದು. ಅದರ ಅರ್ಥ ಹೇಳು.”

“ಅದು ರೋಗಿಗಲ್ಲ ಮೇಡಂ. ರೋಗೀನ ನೋಡಿಕೊಳ್ಳೋರಿಗೆ. ನೋಡಿಕೊಂಡು ನೋಡಿಕೊಂಡು ಅವರ ದೇಹ, ಮನಸ್ಸು ಸೋತುಹೋಗೋದು. ಅದಕ್ಕೂ ಒಂದು ಹೆಸರು ಇಟ್ಟಿದಾರೆ. ನಿಮಗೆ ಇಲ್ಲಿ ಬೇಕಾಗಲ್ಲ ಬಿಡಿ.”

ಸಿಸ್ಟ್ರಮ್ಮ ಕುಳಿತುಕೊಳ್ಳಲಿಲ್ಲ. ಆ ಇಂಗ್ಲಿಷ್ ಸಾಲನ್ನು ತುಟಿಯಲ್ಲೇ ಎರಡು ಸಲ ಓದಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ನನ್ನ ಭುಜ ಹಿಡಿದು, ಮದುವೆ ಮನೆಯಲ್ಲಿ ಕಳೆದುಹೋದ ನೆಂಟರು ಸಿಕ್ಕವರ ಹಾಗೆ ಹೇಳಿದರು: “ಯಾರೋ ಎಲ್ಲೋ ಇವಳನ್ನ ನೋಡವ್ರೆ ಕಣಮ್ಮ. ನೋಡಿ ಹೆಸರಿಟ್ಟವ್ರೆ.” ಕಂಬಳಿಯ ಹೆಂಗಸಿನ ಕತೆಯನ್ನು ಅವರು ನನಗೆ ಹೇಳಿದ್ದು ಅಂದು ಮಧ್ಯಾಹ್ನ, ಆಸ್ಪತ್ರೆಯ ಬೇವಿನ ಮರದ ಕೆಳಗೆ, ತಟ್ಟೆಯಲ್ಲಿನ ಚಿತ್ರಾನ್ನವನ್ನು ಮುಟ್ಟದೆ.

ಅಂದಿನಿಂದ ಅವರಿಗೆ ಒಂದೇ ಹಟ. ಆ ಪದ ಪಟ್ಟಿಯಲ್ಲಿ ಇದ್ದರೆ ಸಾಲದು, ವಾರ್ಡಿನ ದಾಖಲೆಯೊಳಗೆ ಬರಬೇಕು. ಇನ್ನೊಬ್ಬಳು ಹಾಗೆ ಕಂಬಳಿಯೊಳಗೆ ಹೋಗಬಾರದು.

ಕೆಲಸದ ಸರದಿ ಬದಲಾಗುವಾಗ ಪ್ರತಿ ಮಂಚದ ಬಳಿ ನಿಂತು ರೋಗಿಯ ಸ್ಥಿತಿಯನ್ನು ಬಾಯಿಬಿಟ್ಟು ಹೇಳುವುದು ಅವರು ಬಹಳ ಹಿಂದೆಯೇ ತಂದಿದ್ದ ಪದ್ಧತಿ. ಅದಕ್ಕೀಗ ಒಂದು ವಾಕ್ಯ ಸೇರಿತು: ಕೆಳಗಿನವರು ಹೇಗಿದ್ದಾರೆ. ಹೇಗೆ ಕೇಳಬೇಕೆಂಬುದನ್ನೂ ಎಳೆಯರಿಗೆ ಕಲಿಸಿದರು. ಅವರಲ್ಲಿ ಅಚ್ಚುಮೆಚ್ಚಿನವಳು ನಾಗವೇಣಿ. ಗುತ್ತಿಗೆಯ ಹುಡುಗಿ, ಕಾಯಂ ಶುಶ್ರೂಷಕಿಯ ಕೆಲಸವನ್ನೆಲ್ಲ ಮಾಡಿ ಅವರ ಸಂಬಳದ ಒಂದು ಚೂರು ಪಡೆಯುವವಳು. ಇದೂ ಒಂದು ಅನ್ಯಾಯವೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

“‘ಚೆನ್ನಾಗಿದೀಯಾ’ ಅಂತ ಕೇಳ್ಬೇಡ ನಾಗವೇಣಿ. ಗಂಡ ಮಲಗಿರೋವಾಗ ಯಾವಳು ಚೆನ್ನಾಗಿಲ್ಲ ಅಂತಾಳೆ? ಕೊನೇ ಸಲ ಏನ್ ಉಂಡೆ ಅಂತ ಕೇಳು. ಸುಳ್ಳು ಹೇಳ್ಬೇಕಾದ್ರೂ ಒಂದು ಗಳಿಗೆ ಯೋಚನೆ ಮಾಡ್ತಾಳೆ. ಆ ಗಳಿಗೇಲಿ ಮುಖ ನೋಡು.”

“ಆಮೇಲೆ?”

“ಆಮೇಲೆ ಡಬ್ಬಿ ನೋಡು. ಡಬ್ಬಿ ಸುಳ್ಳು ಹೇಳಲ್ಲ.”

ಮೊಳಕಾಲ್ಮೂರಿನ ಕಡೆಯ ನೇಕಾರರ ಮನೆಯ ಸೊಸೆಯೊಬ್ಬಳು ಮಾವನ ಜೊತೆ ಬಂದಿದ್ದಳು. ತೆಲುಗಿನವಳು, ತೆಳ್ಳಗೆ, ಮಗ್ಗದ ನೂಲಿನ ಹಾಗೆ. ನಾಗವೇಣಿ ಬಾಗಿ ಅದೇ ಪ್ರಶ್ನೆಯನ್ನು ಆಕೆಯ ಮಾತಿನಲ್ಲಿ ಕೇಳಿದಳು: “ಏಮಿ ತಿನ್ನಾವಮ್ಮಾ?” ಆಕೆ ಒಂದು ಗಳಿಗೆ ಯೋಚಿಸಿದಳು. ಮುಖ ಸುಣ್ಣದ ಗೋಡೆಯಂತಿತ್ತು, ರೆಪ್ಪೆಯ ಒಳಬದಿಯೂ ಹಾಗೇ ಇತ್ತು. ರಕ್ತ ಪರೀಕ್ಷೆಗೆ ಕಳಿಸಬೇಕು. ಆದರೆ ಪ್ರಯೋಗಾಲಯಕ್ಕೆ ನಂಬರ್ ಬೇಕು. ಹೊರರೋಗಿ ಚೀಟಿಯ ಸಾಲು ಬೆಳಿಗ್ಗೆಯೇ ಮುಗಿಯುತ್ತಿತ್ತು. ಆ ಹೊತ್ತಿಗೆ ಮಾವನಿಗೆ ಮೈ ಒರೆಸಿ ಗಂಜಿ ಕುಡಿಸಬೇಕು. ಸಾಲಿನಲ್ಲಿ ನಿಲ್ಲುವುದು ಯಾವಾಗ? ಸಿಸ್ಟ್ರಮ್ಮನ ಆ ಪದವೋ ಒಳರೋಗಿಗಳ ಪುಟದಲ್ಲಿ, ಆ ರೋಗಿಯ ಹೆಸರಿಗೆ ಮಾತ್ರ ತೆರೆಯುತ್ತಿತ್ತು. ಜೊತೆಗಿರುವವರಿಗೆ ಪುಟವೇ ಇರಲಿಲ್ಲ.

ಆಗ ನಾಗವೇಣಿ ಒಂದು ತಪ್ಪು ಮಾಡಿದಳು. ಮಾವ ಮಲಗಿದ್ದ ಅದೇ ಮಂಚದ ಮೇಲೆ ಸೊಸೆಯನ್ನೂ ಒಳರೋಗಿಯಾಗಿ ದಾಖಲಿಸಿಬಿಟ್ಟಳು. ವೈದ್ಯರ ಲಾಗಿನ್ ವಾರ್ಡಿನ ಕಂಪ್ಯೂಟರಿನಲ್ಲಿ ತೆರೆದಂತೆಯೇ ಇತ್ತು. ಎಲ್ಲ ಆಸ್ಪತ್ರೆಗಳಲ್ಲೂ ಇರುವಂತೆ. ನಂಬರ್ ಬಂತು, ರಕ್ತ ಹೋಯಿತು, ವರದಿ ಬಂತು. ಇಷ್ಟು ಕಡಿಮೆ ರಕ್ತದಲ್ಲಿ ಆಕೆ ಹೇಗೆ ನಿಂತಿದ್ದಾಳೆಂದು ವೈದ್ಯರೇ ಬೆರಗಾಗಿ ರಕ್ತ ಕೊಡಿಸಿದರು. ಆಕೆ ಬದುಕಿದಳು. ಈಗಲೂ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂರುತ್ತಾಳೆ.

ಸಿಸ್ಟ್ರಮ್ಮನಿಗೆ ವಿಷಯ ಗೊತ್ತಾದಾಗ ನಾಗವೇಣಿಯನ್ನು ತಡೆಯಲಿಲ್ಲ. ಆಮೇಲಿನವರನ್ನು ತಾವೇ ದಾಖಲಿಸಿದರು. ಮಂಚಗಳು ತುಂಬಿ, ತುಳುಕಿ, ಜಿಲ್ಲಾ ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ಆ ವಾರ್ಡು ಕೆಂಪಗೆ ಹೊಳೆಯತೊಡಗಿತು. ಒಂದೇ ಮಂಚದಲ್ಲಿ ಮಾವ ಸೊಸೆ, ಗಂಡ ಹೆಂಡತಿ, ತಂದೆ ಮಗಳು. ಇಲ್ಲದ ರೋಗಿಗಳನ್ನು ತೋರಿಸಿದ್ದಕ್ಕೆ ಕಾರಣ ಕೇಳಿ ನೋಟಿಸ್ ಬಂತು.

ವಿಚಾರಣೆಯ ದಿನ ಅವರು ನನ್ನನ್ನು ಜೊತೆಗೆ ಬರಲು ಕೇಳಿಕೊಂಡಿದ್ದರು. ಬಂದಿದ್ದ ಅಧಿಕಾರಿ ದುಷ್ಟನಲ್ಲ. ನಮ್ಮ ಚಳವಳಿಯ ಭಾಷಣಗಳಲ್ಲಿ ಅಧಿಕಾರಿಗಳು ಸುಲಭವಾಗಿ ದುಷ್ಟರಾಗಿಬಿಡುತ್ತಾರೆ. ಈತ ತಾಳ್ಮೆಯಿಂದ ಕೇಳಿಸಿಕೊಂಡ.

“ಅಮ್ಮ, ನಿಮ್ಮ ಉದ್ದೇಶ ನನಗೆ ಅರ್ಥವಾಗುತ್ತೆ. ಆದರೆ ನಾಳೆ ಇನ್ನೊಂದು ಕಡೆ ಇದೇ ದಾರಿ ಹಿಡಿದು, ಇಲ್ಲದವರ ಹೆಸರಲ್ಲಿ ಔಷಧಿ ಎತ್ತಿ ಮಾರಿಕೊಂಡರೆ? ಆಗ ನಿಜವಾದ ರೋಗಿಗೇ ಸಿಗೋದಿಲ್ಲ.”

“ಅದು ನಿಜ ಸಾರ್.”

“ವೈದ್ಯರ ಲಾಗಿನ್‌ನಲ್ಲಿ ನಮೂದು ಮಾಡಿದ್ದು ಯಾರು?”

“ನಾನೇ ಸಾರ್.”

“ಮೊದಲನೆಯದೂ?”

“ಎಲ್ಲಾದೂ ನಾನೇ.”

ಬಾಗಿಲ ಬಳಿ ನಿಂತಿದ್ದ ನಾಗವೇಣಿ ಬಾಯಿ ತೆರೆದಳು. ಸಿಸ್ಟ್ರಮ್ಮ ತಿರುಗಿ ಕೂಡ ನೋಡದೆ ಹೇಳಿದರು: “ನಾಗವೇಣಿ, ಕೊನೇ ಮಂಚದ ಸಲೈನ್ ಮುಗೀತಾ ಬಂದಿರ್ಬೇಕು. ಹೋಗು.”

ಅವಳು ಹೋದ ಮೇಲೆ ಸಿಸ್ಟ್ರಮ್ಮ ಒಂದನ್ನೇ ಬೇಡಿಕೊಂಡರು. “ನಾನು ಮಾಡಿದ್ದು ತಪ್ಪು ಸಾರ್. ಏನು ಶಿಕ್ಷೆ ಕೊಡ್ತೀರೋ ಕೊಡ್ರಿ. ಆದ್ರೆ ಸರಿಯಾದ ದಾರಿ ಒಂದು ಮಾಡಿಕೊಡ್ರಿ. ರೋಗಿಯ ಪುಟದಲ್ಲೇ ಒಂದು ಮೂಲೆ. ಜೊತೆಗಿರೋರು ಹೆಂಗವ್ರೆ ಅಂತ. ಅಷ್ಟೇ.”

ಅಧಿಕಾರಿ ಬರೆದುಕೊಂಡ. ನಮ್ಮ ಗುಂಪಿನಿಂದಲೂ ಮನವಿ ಕೊಟ್ಟೆವು: ಆಯಾಗಳ ಹುದ್ದೆ ತುಂಬಿರಿ, ಜೊತೆಗಿರುವವರಿಗೆ ಮಲಗಲು ಜಾಗ ಕೊಡಿ, ಊಟ ಕೊಡಿ, ಅವರ ಆರೋಗ್ಯವನ್ನು ದಾಖಲೆಯಲ್ಲಿ ಕಾಣಿಸಿ. ರಾಜ್ಯದ ಆಸ್ಪತ್ರೆಗಳು ಈ ಹೆಂಗಸರ ಬಿಟ್ಟಿ ದುಡಿಮೆಯ ಮೇಲೆ ನಿಂತಿವೆ ಎಂದು ಬರೆದೆವು. ಮನವಿ ತಲುಪಿದೆ ಎಂಬ ಉತ್ತರ ಬಂತು. ಸಿಸ್ಟ್ರಮ್ಮನಿಗೆ ಛೀಮಾರಿಯ ಆದೇಶ ಬಂತು. ಇನ್ನೊಂದು ಬದಲಾವಣೆಯ ಬಗ್ಗೆ ಯಾರೂ ಕಾಗದ ಕಳಿಸಲಿಲ್ಲ. ಮುಂದೊಂದು ದಿನ ಅವರು ಪಟ್ಟಿಯನ್ನು ತೆರೆದಾಗ ಆ ಪದವೇ ಇರಲಿಲ್ಲ. ವಿಚಾರಿಸಿದಾಗ ಈ ಹಂತದ ಆಸ್ಪತ್ರೆಗಳಿಗೆ ಬೇಡದ ಪದಗಳನ್ನು ತೆಗೆದು ಪಟ್ಟಿಯನ್ನು ಸರಳಗೊಳಿಸಲಾಗಿದೆ ಎಂದರಂತೆ.

“ಹೆಸರಿಟ್ಟು ಕರೆದಿದ್ರು” ಎಂದು ಫೋನಿನಲ್ಲಿ ಹೇಳಿದರು. “ಈಗ ಹೆಸರು ಅಳಿಸಿದ್ರು.”

ಅಷ್ಟರಲ್ಲಿ ಅವರ ಮನೆಯಲ್ಲಿಯೂ ಒಂದು ಮಂಚ ಹಾಸಿತ್ತು. ಕಂಡಕ್ಟರ್ ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಹೋಗಿ, ಮಾತೆಲ್ಲ ಹೋಗಿ, ‘ರೈಟ್’ ಎಂಬುದೊಂದು ಉಳಿದಿತ್ತು. ನಿವೃತ್ತಿಯ ನಂತರ ಸಿಸ್ಟ್ರಮ್ಮ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಹಿಂದಿನ ಬೀದಿಯ ಮನೆಯಲ್ಲಿ ಅವರನ್ನು ನೋಡಿಕೊಂಡು ಇದ್ದರು. ನಾನು ಹೋದಾಗ ಪಾಠ ನಡೆಯುತ್ತಿತ್ತು.

“ಇದೇನು ಹೇಳ್ರಿ?”

“ರೈಟ್.”

“ಚೊಂಬು ರೀ, ಚೊಂಬು. ಬಾಯಿ ಕೂಡಿಸ್ರಿ. ಚೊಂ...”

“ರೈಟ್, ರೈಟ್.”

“ಹೋಗ್ಲಿ ಬಿಡ್ರಿ, ಬಸ್ಸು ಬಿಡ್ರಿ” ಎಂದು ನಕ್ಕರು. ಯಜಮಾನರೂ ಅರ್ಧ ಮುಖದಲ್ಲಿ ನಕ್ಕರು. ನನ್ನ ಕಡೆ ತಿರುಗಿ ಸಿಸ್ಟ್ರಮ್ಮ ಹೇಳಿದರು: “ಆಯಸ್ಸಿಡೀ ಊರಿಗೆಲ್ಲ ಟಿಕೆಟ್ ಹರಿದ ಬಾಯಿ ನೋಡಮ್ಮ. ಒಂದು ದಿನಕ್ಕೊಂದು ಪದ ಅಂತ ಇಟ್ಟುಕೊಂಡಿದೀನಿ. ನೀರು ಬಂತು. ನೋವು ಬಂತು.”

ನಾನು ಇನ್ನೊಂದು ಸಲ ಹೋದಾಗ ‘ಉಂಡ್ಯಾ’ ಎನ್ನುವುದನ್ನು ಕಲಿಸುತ್ತಿದ್ದರು. ಬಹಳ ಕಷ್ಟಪಟ್ಟು, ತುಟಿಯ ಮೇಲೆ ಬೆರಳಿಟ್ಟು, ತಾವೇ ಉಚ್ಚರಿಸಿ ತೋರಿಸುತ್ತ. ಮಲಗಿದವರಿಗೆ ಆ ಪ್ರಶ್ನೆಯಿಂದ ಏನುಪಯೋಗ, ಹಸಿವು ಅನ್ನುವುದನ್ನು ಕಲಿಸಬಹುದಲ್ಲ ಎಂದೆ.

“ಅವರಿಗೆ ಹಸಿವಾದ್ರೆ ಹೊಟ್ಟೆ ಮುಟ್ಟಿ ತೋರಿಸ್ತಾರೆ. ನನಗೆ ಗೊತ್ತಾಗ್ತೈತೆ.” ಸರಿಯಾಗಿಯೇ ಇದ್ದ ಹೊದಿಕೆಯನ್ನು ಮತ್ತೆ ಎಳೆದು ಸರಿಪಡಿಸುತ್ತ ಹೇಳಿದರು: “ನನ್ನನ್ನ ಕೇಳೋಕೆ ಮಾತು ಬೇಕಲ್ಲಮ್ಮ. ಇಷ್ಟು ದೊಡ್ಡ ಮನೇಲಿ ಒಬ್ರಾದ್ರೂ ಕೇಳ್ಲಿ.” ಹೇಳಿದ ಮೇಲೆ ಹೊಸ ಮದುವಣಗಿತ್ತಿಯ ಹಾಗೆ ನಾಚಿ, ಕಾಫಿ ಇಡುತ್ತೇನೆಂದು ಒಳಗೆ ಹೋದರು. ಆ ಮನೆ ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಅಡುಗೆಮನೆ. ನಾನು ಹೊರಡುವಾಗ ಅವರು ಬಾಗಿಲವರೆಗೂ ಬಂದರು. ಒಳಗಿನಿಂದ ತೊದಲುತ್ತ ಒಂದು ಗಂಡು ದನಿ ಕೇಳಿತು: “ಉಂ... ಉಂಡ್ಯಾ?” ಅವರ ಮುಖದಲ್ಲಿ ಆಗ ಕಂಡ ಬೆಳಕನ್ನು ನಾನು ಮತ್ತೆ ಯಾರ ಮುಖದಲ್ಲಿಯೂ ಕಂಡಿಲ್ಲ. “ಉಂಡೆ ಕಣ್ರೀ” ಎಂದು ಕೂಗಿ ಹೇಳಿದರು.

ಮುಂದಿನದನ್ನು ನನಗೆ ಹೇಳಿದವಳು ನಾಗವೇಣಿ. ಯಜಮಾನರಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರಿಗೆ ಕಷ್ಟವಾಗಿ ಅದೇ ಆಸ್ಪತ್ರೆಗೆ, ಅದೇ ವಾರ್ಡಿಗೆ ಸೇರಿಸಿದರು. ಸಿಸ್ಟ್ರಮ್ಮ ಚಾಪೆ ಬಿಡಿಸಿದರು. ಆಯಾಗಳ ನೇಮಕ ಆಗಲೂ ಆಗಿರಲಿಲ್ಲ. ಫಲಕ ಬಾಗಿಲಲ್ಲೇ ಇತ್ತು. ಬೆಳಗಿನ ಸರದಿಗೆ ಬಂದ ನಾಗವೇಣಿ, ಕಲಿತ ಹಾಗೆ, ಮೊದಲು ಬಾಗಿದಳು.

“ಸಿಸ್ಟ್ರಮ್ಮ, ಕೊನೇ ಸಲ ಏನ್ ಉಂಡ್ರಿ?”

“ಉಪ್ಪಿಟ್ಟು, ಅರ್ಧ ಬಾಳೆಹಣ್ಣು. ನೀರು ಕುಡಿದೀನಿ. ನಿದ್ದೆ ಬಂತು. ಮುಂದಿಂದು ಕೇಳು.”

ಒಂದು ಗಳಿಗೆಯೂ ಯೋಚಿಸಲಿಲ್ಲ ಎಂದಳು ನಾಗವೇಣಿ. ಎಲ್ಲ ಉತ್ತರಗಳೂ ಸಿದ್ಧವಿದ್ದವು. ಮುಖ ನೋಡಲು ಸಮಯವನ್ನೇ ಕೊಡಲಿಲ್ಲ. ಅವಳು ಡಬ್ಬಿ ತೆರೆದಳು. ಅದು ಒಣಗಿತ್ತು, ಅಂದೂ ಹಿಂದಿನ ದಿನವೂ ಅದರಲ್ಲಿ ಏನನ್ನೂ ಹಾಕಿರಲಿಲ್ಲ.

“ನನಗೇ ಸುಳ್ಳು ಹೇಳ್ತೀರಲ್ರೀ!”

“ನಿನಗಲ್ದೆ ಇನ್ನ್ಯಾರಿಗೆ ಹೇಳ್ಲಿ ಕಣೆ? ನೀನೊಬ್ಳೇ ತಾನೆ ಕೇಳೋಳು.”

ನಾಗವೇಣಿ ಇಡ್ಲಿ ತರಿಸಿ ಎದುರು ಕುಳಿತು ತಿನ್ನಿಸಿದಳು. ರಕ್ತದೊತ್ತಡ ನೋಡಿದಳು, ಹೆದರಿದಳು, ವೈದ್ಯರನ್ನು ಕರೆತಂದಳು. ಅವರು ಈಗಲೇ ಒಳರೋಗಿಯಾಗಿ ಸೇರಿಕೊಳ್ಳಿ ಎಂದರು. ಸಿಸ್ಟ್ರಮ್ಮ ಮಾತ್ರೆ ನುಂಗಿದರು, ಸೇರಲು ಒಪ್ಪಲಿಲ್ಲ. “ನಾನು ಮ್ಯಾಲೆ ಮಲಗಿದ್ರೆ ಇವರ ಕೆಳಗೆ ಯಾರು ಸಾರ್? ಮಗ್ಗುಲು ಬದಲಾಯಿಸೋರು ಯಾರು? ನಾಳೆ ರಾಂಪುರದಿಂದ ನನ್ನ ಮೈದುನ ಬರ್ತಾನೆ. ಬಂದ ಮ್ಯಾಲೆ ನೀವು ಹೇಳ್ದಂಗೆ.” ವಾರ್ಡು ತುಂಬ ರೋಗಿಗಳು, ನಾಗವೇಣಿ ಒಬ್ಬಳು. ನಾನೇ ಮಾಡುತ್ತೇನೆ ಎಂದು ಮಾತು ಕೊಡುವ ಧೈರ್ಯ ಅವಳಿಗೂ ಇರಲಿಲ್ಲ. ಹಾಗೆ ಅವಳನ್ನು ಒಬ್ಬಳನ್ನೇ ಮಾಡಿ ನಿಲ್ಲಿಸಿದವರು ಯಾರೆಂದು ಕೇಳಬೇಕಾದದ್ದು ಅವಳನ್ನಲ್ಲ.

ಅದೇ ಮಧ್ಯಾಹ್ನ ಅವರು ಗಂಡನನ್ನು ಎಡ ಮಗ್ಗುಲಿಗೆ ಹೊರಳಿಸಿದರು. ಬೆನ್ನಿಗೆ ದಿಂಬು ಕೊಟ್ಟರು, ಮೊಣಕಾಲುಗಳ ನಡುವೆ ಮಡಿಸಿದ ಬಟ್ಟೆ ಇಟ್ಟರು. ಬೆನ್ನಿನ ಚರ್ಮವನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಕುಳಿತುಕೊಳ್ಳುವಂತೆ ನಿಧಾನವಾಗಿ ನೆಲಕ್ಕೆ ಇಳಿದರಂತೆ. ಮಲಗಲು ಹೋದರು ಎಂದೇ ಪಕ್ಕದ ಮಂಚದವರು ಅಂದುಕೊಂಡರು. ಓಡಿಬಂದವಳು ನಾಗವೇಣಿ. ಅವಳೂ ವೈದ್ಯರೂ ಮಾಡಬೇಕಾದುದನ್ನೆಲ್ಲ ನೆಲದ ಮೇಲೆಯೇ ಮಾಡಿದರು.

ಯಜಮಾನರ ಪುಟದಲ್ಲಿ ಆ ಮಧ್ಯಾಹ್ನದ ನಮೂದು ಇದೆ, ಪಟ್ಟಿಯ ಪದಗಳಲ್ಲಿಯೇ: ಮಗ್ಗುಲು ಬದಲಾಯಿಸಲಾಗಿದೆ, ಚರ್ಮ ಸುಸ್ಥಿತಿಯಲ್ಲಿದೆ. ಅಕ್ಷರಶಃ ನಿಜ. ಬದಲಾಯಿಸಿದವರಿಗೆ ಪುಟವಿರಲಿಲ್ಲ. ನಂಬರಿಲ್ಲದೆ ಸಾವಿನ ಕಾಗದ ಹುಟ್ಟುವುದಿಲ್ಲವಾದ್ದರಿಂದ, ಉಸಿರು ನಿಂತ ಮೇಲೆ ಅವರನ್ನು ನೋಂದಾಯಿಸಿದರು. ಆಗ ಬಂತು ನಂಬರ್. ಆ ನೋಂದಣಿಗೆ ಯಂತ್ರದಲ್ಲಿ ಇದ್ದದ್ದು ಒಂದೇ ಆಯ್ಕೆ: ‘ಆಸ್ಪತ್ರೆಗೆ ಬರುವಾಗಲೇ ಮೃತ’. ಜೀವನವಿಡೀ ಆಸ್ಪತ್ರೆಯಲ್ಲಿ ಇದ್ದವರು ಆಸ್ಪತ್ರೆಗೆ ಸತ್ತು ಬಂದವರಾದರು. ಅದನ್ನು ಒತ್ತಿದವಳೂ ನಾಗವೇಣಿಯೇ, ಸರದಿ ಅವಳದಾಗಿತ್ತು. ಒತ್ತಿದ ಬೆರಳನ್ನು ನನಗೆ ತೋರಿಸಿದಳು, ಗಾಯವಾದ ಬೆರಳನ್ನು ತೋರಿಸುವ ಹಾಗೆ.

ನಾವು ಮತ್ತೆ ಮನವಿ ಬರೆದಿದ್ದೇವೆ. ಮತ್ತೆ ಬರೆಯುತ್ತೇವೆ. ಆ ಪದ ಪಟ್ಟಿಗೆ ಮರಳಬೇಕು, ಆಯಾಗಳು ವಾರ್ಡಿಗೆ ಬರಬೇಕು, ಆ ಫಲಕ ಇಳಿಯಬೇಕು. ಇವನ್ನು ಹೇಳುವುದನ್ನು ನಾನು ಬಿಡುವುದಿಲ್ಲ. ಆದರೆ ಈ ಬರಹ ಅದಕ್ಕಾಗಿ ಅಲ್ಲ.

ಮೊನ್ನೆ ರಾಂಪುರಕ್ಕೆ ಹೋಗಿದ್ದೆ. ಯಜಮಾನರು ಈಗ ತಮ್ಮನ ಮನೆಯಲ್ಲಿದ್ದಾರೆ. ಹಜಾರದಲ್ಲಿ ಮಂಚ, ಮಂಚದ ಕೆಳಗೆ ಶೇಂಗಾ ತುಂಬಿದ ಚೀಲಗಳು. ತಮ್ಮನ ಹೆಂಡತಿ ಅವರ ಕತ್ತಿನ ಕೆಳಗೆ ತೋಳು ಕೊಟ್ಟು ಎತ್ತಿ ಕೂರಿಸಿ, ಬೆವರು ಒರೆಸಿಕೊಂಡು ನನಗೆ ಮಜ್ಜಿಗೆ ತಂದಳು. ಕೊನೇ ಸಲ ಏನು ಉಂಡಿರಿ ಎಂದು ನಾನು ಕೇಳಿದೆ. ಆಕೆ ಒಂದು ಗಳಿಗೆ ಯೋಚಿಸಿದಳು.

“ನಂದೇನು ಬಿಡಮ್ಮ, ಹೆಂಗೋ ಆಗ್ತೈತೆ” ಎಂದಳು. ಆಮೇಲೆ ದನಿ ತಗ್ಗಿಸಿ: “ಭಾವನೋರು ಬಾಕಿ ಮಾತೆಲ್ಲ ಮರೆತವ್ರೆ. ನೀರೂ ಅನ್ನಲ್ಲ, ರೈಟೂ ಅನ್ನಲ್ಲ. ಒಂದೇ ಒಂದು ಉಳಕೊಂಡೈತೆ. ಅದನ್ನೂ ನಮ್ಮ ಮುಖ ನೋಡಿ ಕೇಳಲ್ಲ.”

ಅವರು ನನ್ನನ್ನು ಗುರುತಿಸಿದರೋ ಇಲ್ಲವೋ ತಿಳಿಯಲಿಲ್ಲ. ಎಡಗೈಯಿಂದ ಮಂಚದ ಅಂಚನ್ನು ಹಿಡಿದರು. ಬಹಳ ಪ್ರಯಾಸದಿಂದ, ಒಂದು ಕಡೆಗೆ ವಾಲಿ, ತಲೆಯನ್ನು ಕೆಳಗೆ ಮಾಡಿ, ಚೀಲಗಳ ನಡುವಿನ ಕತ್ತಲೆಯನ್ನು ನೋಡಿದರು.

“ಉಂಡ್ಯಾ?”

ಉತ್ತರಕ್ಕಾಗಿ, ತಲೆ ಎತ್ತದೆ, ಕಾದರು.